ಒಂದೇ ಥರ ಕಾಣುವ ಎರಡು ಸ್ಕೌಟ್ ಬ್ಯಾಡ್ಜ್‌ಗಳಲ್ಲಿ ಒಂದಕ್ಕೆ ಮಾತ್ರ ಯಾಕೆ ಅಷ್ಟು ಬೆಲೆ?

ಚಿತ್ರ ಬಿಡಿ, ಮೊದಲು ಅಂಚು ನೋಡಿ. ಅಮೆರಿಕದ ಬಾಯ್ ಸ್ಕೌಟ್ಸ್‌ನ ಮೆರಿಟ್ ಬ್ಯಾಡ್ಜ್‌ಗಳನ್ನೇ (ಒಂದೊಂದು ವಿದ್ಯೆ ಕಲಿತದ್ದಕ್ಕೆ ಕೊಡುವ ಬ್ಯಾಡ್ಜ್) ತಗೊಳ್ಳಿ. 1911ರಲ್ಲಿ ಶುರುವಾದಾಗ ಅವು ಚೌಕ ಬಟ್ಟೆಯ ತುಂಡುಗಳು, ನಡುವೆ ದುಂಡನೆಯ ಕಸೂತಿ. ಎಷ್ಟೋ ಹುಡುಗರು ಸುತ್ತಲಿನ ಬಟ್ಟೆ ಕತ್ತರಿಸಿ ಹೊಲಿದುಕೊಂಡರು. ಹಾಗಾಗಿ ಬಟ್ಟೆ ಪೂರ್ತಿ ಉಳಿದಿದ್ದರೆ ಸಂಗ್ರಹಕಾರರಲ್ಲಿ ಬೇಡಿಕೆ ಜಾಸ್ತಿ. 1930ರ ದಶಕದಲ್ಲಿ ಅಂಚು ಮಡಚಿದ ದುಂಡು ಬ್ಯಾಡ್ಜ್ ಬಂತು. 1960ರ ದಶಕದಲ್ಲಿ ಅಂಚಿಗೆ ದಪ್ಪಗೆ ದಾರ ಸುತ್ತತೊಡಗಿದರು. ಆಮೇಲೆ ಬೆನ್ನಿಗೆ ಪ್ಲಾಸ್ಟಿಕ್. ಅಂದರೆ ಚಿತ್ರ ಅದೇ ಇದ್ದರೂ ಕಾಲ ಬೇರೆ.

ನಕಲಿ ಮಾಲೂ ಬೇಕಾದಷ್ಟಿದೆ. ಕತ್ತಲಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಟ್ಟು ನೋಡಿ, ಹೊಸ ದಾರ ಸಾಮಾನ್ಯವಾಗಿ ಫಳಫಳ ಹೊಳೆಯುತ್ತದೆ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬ್ಯಾಡ್ಜೂ ಹೊಳೆಯಬಹುದು. ಅದೊಂದನ್ನೇ ನಂಬಿ ಸುಮ್ನೆ ದುಡ್ಡು ಸುರಿಯಬೇಡಿ.