ಎಂ1911 ಪಿಸ್ತೂಲು ಅಷ್ಟು ಕಾಲ ಬಾಳಿದ್ದು ಗುಂಡಿನ ಗಾತ್ರದಿಂದಲೋ, ವಿನ್ಯಾಸದಿಂದಲೋ?

ಎಂ1911 ಪಿಸ್ತೂಲು ಅಮೆರಿಕದ ಸೇನೆಯಲ್ಲಿ ಏಳು ದಶಕಗಳಿಗೂ ಹೆಚ್ಚು ಕಾಲ ಉಳಿದದ್ದು ಅದರ ದಪ್ಪ ಗುಂಡಿನಿಂದಲೋ, ಯಂತ್ರದ ಗುಣದಿಂದಲೋ ಎಂದು ತಾವು ಕೇಳಿದ್ದೀರಿ. ಯಂತ್ರಗಳ ಒಳಗನ್ನು ಬಿಚ್ಚಿ ನೋಡುವುದರಲ್ಲಿ ಬಹುಕಾಲದಿಂದ ಆಸಕ್ತಿಯಿರುವ ನನ್ನ ಉತ್ತರ, ವಿನ್ಯಾಸ ಎಂಬುದೇ.

ಗುಂಡಿನ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಫಿಲಿಪ್ಪೀನ್ಸ್‌ನ ಕಾಳಗಗಳಲ್ಲಿ .38 ರಿವಾಲ್ವರಿನ ಗುಂಡು ಎದುರಾಳಿಯನ್ನು ತಡೆದು ನಿಲ್ಲಿಸುತ್ತಿಲ್ಲವೆಂಬ ದೂರುಗಳು ಬಂದಾಗ, 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಸೇನಾಧಿಕಾರಿಗಳು ಪರೀಕ್ಷೆ ನಡೆಸಿ, .45 ಅಂಗುಲಕ್ಕಿಂತ ಕಡಿಮೆ ವ್ಯಾಸದ ಗುಂಡು ಸಾಲದೆಂದು ವರದಿ ಕೊಟ್ಟರು. ಆದರೆ ಆ ಅಳತೆಯ ಪಿಸ್ತೂಲನ್ನು ಇತರರೂ ತಯಾರಿಸಿದ್ದರು. ಕೊನೆಯ ಸುತ್ತಿನಲ್ಲಿ ಸ್ಯಾವೇಜ್ ಕಂಪನಿಯದು ಮತ್ತು ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಕಂಪನಿಯ ಪಿಸ್ತೂಲು ಎದುರುಬದುರಾದಾಗ, 6000 ಗುಂಡು ಹಾರಿಸಿದರೂ ಕೋಲ್ಟ್ ಒಮ್ಮೆಯೂ ತೊಡಕಲಿಲ್ಲವೆಂದು ದಾಖಲಾಯಿತು. 1911ರ ಮಾರ್ಚ್ 29ರಂದು ಸೇನೆ ಅದನ್ನೇ ಎಂ1911 ಆಗಿ ಅಂಗೀಕರಿಸಿತು.

ಹಾಗಾದರೆ ಆ ವಿನ್ಯಾಸದಲ್ಲಿ ಏನಿದೆ? ನಳಿಗೆಯ ಮೇಲ್ಭಾಗದಲ್ಲಿರುವ ಏಣುಗಳು ಅದರ ಮೇಲೆ ಹಿಂದೆಮುಂದೆ ಜಾರುವ ಕವಚವಾದ ಸ್ಲೈಡಿನ ಒಳಗಿನ ತೋಡುಗಳಲ್ಲಿ ಕೂತು, ಎರಡನ್ನೂ ಒಂದೇ ತುಂಡಿನಂತೆ ಬಿಗಿದಿರುತ್ತವೆ. ಗುಂಡು ಹಾರಿದಾಗ ನಳಿಗೆಯೂ ಸ್ಲೈಡೂ ಜೊತೆಯಾಗಿ ಸ್ವಲ್ಪ ಹಿಂದೆ ಸರಿಯುತ್ತವೆ. ಗುಂಡು ಹೊರಬಿದ್ದು ಒಳಗಿನ ಒತ್ತಡ ಇಳಿಯುವ ಹೊತ್ತಿಗೆ, ನಳಿಗೆಯ ಬುಡಕ್ಕೆ ಪಿನ್ನಿನಿಂದ ಜೋಡಿಸಿದ ಪುಟ್ಟ ಕೊಂಡಿಯೊಂದು ತೂಗಿ ಅದರ ಹಿಂತುದಿಯನ್ನು ಕೆಳಗೆಳೆಯುತ್ತದೆ. ಏಣುಗಳು ಬಿಡಿಸಿಕೊಂಡ ಮೇಲೆ ಸ್ಲೈಡ್ ಒಂಟಿಯಾಗಿ ಹಿಂದಕ್ಕೆ ಹೋಗಿ ಹಾರಿದ ಗುಂಡಿನ ಖಾಲಿ ಕೋಶವನ್ನು ಹೊರಗೆಸೆಯುತ್ತದೆ, ಗುಂಡನ್ನು ಸಿಡಿಸಲು ಬಡಿಯುವ ಸುತ್ತಿಗೆಯನ್ನು ಎತ್ತಿ ನಿಲ್ಲಿಸುತ್ತದೆ, ಸ್ಪ್ರಿಂಗಿನ ಬಲದಿಂದ ಮರಳುವಾಗ ಏಳು ಗುಂಡುಗಳ ಮ್ಯಾಗಜೀನಿನಿಂದ ಮುಂದಿನದನ್ನು ತಳ್ಳಿಕೊಂಡು ಬರುತ್ತದೆ. ಬ್ರೌನಿಂಗ್‌ರ 1900ರ ಮಾದರಿಯಲ್ಲಿ ಇಂಥ ಕೊಂಡಿಗಳು ನಳಿಗೆಯ ಮುಂದೊಂದು, ಹಿಂದೊಂದು ಇದ್ದವು. ಅವರು ಮುಂದಿನದನ್ನು ತೆಗೆದುಹಾಕಿ, ಆ ತುದಿಯನ್ನು ಒಂದು ಬುಷ್‌ನಲ್ಲಿ, ಅಂದರೆ ಬಳೆಯಂಥ ಆಸರೆಯಲ್ಲಿ, ಕೂರಿಸಿದರು. ಭಾಗ ಕಡಿಮೆಯಾಗಿ ಭದ್ರತೆ ಹೆಚ್ಚಿದ ಈ ಬದಲಾವಣೆಯೇ ನನ್ನ ಮಟ್ಟಿಗೆ ಇಡೀ ಪಿಸ್ತೂಲಿನ ಅತ್ಯುತ್ತಮ ಆಲೋಚನೆ.

ಅದೇ ಮಿತವ್ಯಯ ಹಿಡಿಯೊಳಗೂ ಕಾಣುತ್ತದೆ. ಅಲ್ಲೊಂದು ಚಪ್ಪಟೆ ಉಕ್ಕಿನ ಸ್ಪ್ರಿಂಗ್ ಇದೆ. ಬೆರಳುಗಳಂತೆ ಮೂರು ಸೀಳು. ಒಂದು ಸುತ್ತಿಗೆಯನ್ನು ತಡೆಹಿಡಿಯುವ ತುಂಡನ್ನು ಒತ್ತುತ್ತದೆ, ನಡುವಿನದು ಟ್ರಿಗರನ್ನು ಮುಂದಕ್ಕೆ ಮರಳಿಸುತ್ತದೆ, ಮೂರನೆಯದು ಅಂಗೈ ಹಿಡಿಯನ್ನು ಬಿಗಿಯಾಗಿ ಅಪ್ಪಿದಾಗ ಮಾತ್ರ ಸಡಿಲವಾಗುವ ಸುರಕ್ಷಾ ಪಟ್ಟಿಯನ್ನು ಹೊರಕ್ಕೆ ತಳ್ಳಿರುತ್ತದೆ. ಮೂರು ಸ್ಪ್ರಿಂಗುಗಳ ಕೆಲಸವನ್ನು ಒಂದೇ ತಗಡು ಮಾಡುತ್ತದೆ! ಹೆಬ್ಬೆರಳಿನ ಸುರಕ್ಷಾ ಕೀಲಿ ಮಾತ್ರ ಅಶ್ವದಳದ ಬೇಡಿಕೆಯಿಂದ ನಂತರ ಸೇರಿದ್ದು.

1920ರ ದಶಕದ ಎಂ1911ಎ1 ಮಾದರಿಯಲ್ಲಿ ಟ್ರಿಗರನ್ನು ಗಿಡ್ಡ ಮಾಡಿ, ಹಿಡಿಯ ಹಿಂಬದಿಯನ್ನು ಕಮಾನಿನಂತೆ ಬಾಗಿಸಿದರು. ಒಳಗಿನ ಯಂತ್ರ ಹಾಗೆಯೇ ಉಳಿಯಿತು. 1985ರಲ್ಲಿ ಅದರ ಜಾಗಕ್ಕೆ ಇಟಲಿಯ ಬೆರೆಟ್ಟಾ ಕಂಪನಿಯ ಪಿಸ್ತೂಲು ಬಂದುದಕ್ಕೆ ನ್ಯಾಟೋ ಕೂಟದ 9 ಮಿ.ಮೀ. ಗುಂಡಿಗೆ ಹೊಂದಿಕೊಳ್ಳುವ ಅಗತ್ಯ ಮುಖ್ಯ ಕಾರಣವಾಗಿತ್ತು. ಬ್ರೌನಿಂಗ್ ಆರಂಭಿಸಿ, ಅವರ ಮರಣಾನಂತರ ಬೆಲ್ಜಿಯಂನ ವಿನ್ಯಾಸಕ ಡ್ಯೂಡೊನೆ ಸೈವ್ ಪೂರ್ಣಗೊಳಿಸಿದ ಹೈ-ಪವರ್ ಪಿಸ್ತೂಲಿನಲ್ಲಿ ಆ ಉಳಿದೊಂದು ಕೊಂಡಿಯೂ ಹೋಗಿ, ನಳಿಗೆಯ ಬುಡದಲ್ಲೇ ಕೊರೆದ ಓರೆ ಹಾದಿ ಅದರ ಕೆಲಸ ಮಾಡಿತು. ಇಂದಿನ ಬಹುಪಾಲು ಸೇನಾ ಪಿಸ್ತೂಲುಗಳ ನಳಿಗೆಯ ಹಿಂತುದಿ ಕೆಳಗಿಳಿಯುವುದು ಇದೇ ರೀತಿಯಲ್ಲಿ.