ಪಿಸ್ತೂಲಿನ ಫ್ರೇಮ್ ಪ್ಲಾಸ್ಟಿಕ್ಕಾ, ಪಾಲಿಮರ್ರಾ?

ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಪಿಸ್ತೂಲಿನ ಫ್ರೇಮನ್ನು, ಅಂದರೆ ಹಿಡಿ ಸೇರಿದ ಕೆಳಗಿನ ಚೌಕಟ್ಟನ್ನು, ಮಾರುವವರು ಪಾಲಿಮರ್ ಅನ್ನುತ್ತಾರೆ, ನಿಮ್ಮ ಸ್ನೇಹಿತರು ಬರೀ ಪ್ಲಾಸ್ಟಿಕ್ ಅನ್ನುತ್ತಾರೆ, ಯಾರದ್ದು ಸರಿ ಎಂದು ಕೇಳಿದ್ದೀರಿ, ಜೊತೆಗೆ ನಿಮ್ಮ ಏರ್ ಪಿಸ್ತೂಲನ್ನು ಒರೆಸುವ ಬಗ್ಗೆಯೂ. ಇಬ್ಬರದ್ದೂ ಸರಿ ಸರ್. ಆದರೆ ನಿಮ್ಮ ಸ್ನೇಹಿತರ ಮಾತೇ ಸ್ವಲ್ಪ ಜಾಸ್ತಿ ಸರಿ.

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ (ಅಚ್ಚು ಹಾಕುವ) ಕೆಲಸದವನು. ಪಾಲಿಮರ್ ಅಂದರೆ ಚಿಕ್ಕ ಅಣುಗಳು ಸೇರಿ ಆದ ಉದ್ದ ಸರಪಳಿ. ಹತ್ತಿ, ರೇಷ್ಮೆ, ರಬ್ಬರ್ ಕೂಡ ಪಾಲಿಮರ್‌ಗಳೇ. ಅಂಥದ್ದಕ್ಕೆ ಬಣ್ಣ, ಫಿಲ್ಲರ್ (ತುಂಬಲು ಹಾಕುವ ಪುಡಿ, ಎಳೆ) ಬೆರೆಸಿ ಅಚ್ಚಿನಲ್ಲಿ ಆಕಾರ ಕೊಟ್ಟರೆ ಅದು ಪ್ಲಾಸ್ಟಿಕ್. ಪ್ಲಾಸ್ಟಿಕ್ ಅಂದರೆ ಜನಕ್ಕೆ ಬಕೆಟ್ಟು, ಆಟಿಕೆ ನೆನಪಾಗುತ್ತದೆ, ಅದಕ್ಕೇ ಮಾರುವವರಿಗೆ ಪಾಲಿಮರ್ ಎಂಬ ಹೆಸರೇ ಇಷ್ಟ, ಅಲ್ವಾ? 1959ರಲ್ಲಿ ರೆಮಿಂಗ್ಟನ್ ಕಂಪನಿ ನೈಲಾನ್ ಹಿಡಿಯ ರೈಫಲ್ ತಂದಾಗ ಅದರ ಹೆಸರನ್ನೇ 'ನೈಲಾನ್ 66' ಎಂದು ಇಟ್ಟಿತ್ತು. ಆಗ ಈ ಸಂಕೋಚ ಇರಲಿಲ್ಲ.

ಕೇಳಬೇಕಾದ್ದು ಯಾವ ರೆಸಿನ್ (ಮೂಲ ಪಾಲಿಮರ್), ಒಳಗೆ ಏನು ಬೆರೆಸಿದ್ದಾರೆ ಎಂದು. ಗ್ಲಾಕ್ ಫ್ರೇಮಿನದ್ದು ನೈಲಾನ್ ಜಾತಿಯ ವಸ್ತು. ಬೇರೆ ಎಷ್ಟೋ ಪಿಸ್ತೂಲುಗಳಿಗೆ ಗ್ಲಾಸ್ ಫಿಲ್ಡ್ ನೈಲಾನ್, ಅಂದರೆ ಗಾಜಿನ ಎಳೆ ಬೆರೆಸಿದ ನೈಲಾನ್ ಬಳಸುತ್ತಾರೆ. ನಿಮ್ಮ ಡ್ರಿಲ್ ಮೆಷಿನ್ನಿನ ಬಾಡಿಯೂ ಹೆಚ್ಚಾಗಿ ಅದೇ. ಈ ಮಾಲು ಸುಲಭದ್ದಲ್ಲ. ನೈಲಾನ್ ಗಾಳಿಯ ತೇವ ಹೀರುತ್ತದೆ, ಸರಿಯಾಗಿ ಒಣಗಿಸದೆ ಹಾಕಿದರೆ ಪೀಸಿನ ಮೇಲೆ ಬೆಳ್ಳಿ ಗೆರೆ ಬೀಳುತ್ತದೆ, ಬಲವೂ ಕಮ್ಮಿ. ಗಾಜಿನ ಎಳೆ ಮೆಷಿನ್ನಿನ ಸ್ಕ್ರೂ, ಅಚ್ಚು ಎರಡನ್ನೂ ಸವೆಸುತ್ತದೆ. ಮುರಿದ ಪೀಸನ್ನು ಬೆಳಕಿಗೆ ಹಿಡಿದರೆ ಒಡೆದ ಜಾಗ ತರಿತರಿಯಾಗಿ ಕಾಣುತ್ತದೆ.

ಹಾಗಂತ ಇಡೀ ಪಿಸ್ತೂಲು ಪ್ಲಾಸ್ಟಿಕ್ ಅಲ್ಲ. ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ), ಬ್ಯಾರೆಲ್ (ನಳಿಗೆ) ಉಕ್ಕಿನವು. ಸ್ಲೈಡ್ ಓಡಾಡುವ ಹಳಿಗಳೂ ಫ್ರೇಮಿನಲ್ಲಿ ಹುದುಗಿಸಿದ ಉಕ್ಕೇ. ಮೆಟಲ್ ಡಿಟೆಕ್ಟರ್‌ಗೆ ಸಿಗುವುದಿಲ್ಲ ಅನ್ನುವುದು ಸುಮ್ನೆ ಗಾಳಿಮಾತು. ಆ ಗಾಬರಿ ಅಮೆರಿಕದಲ್ಲಿ ಎಷ್ಟು ಜೋರಾಗಿತ್ತೆಂದರೆ 1988ರಲ್ಲಿ ಡಿಟೆಕ್ಟರ್‌ಗೆ ಸಿಗದ ಬಂದೂಕುಗಳನ್ನು ನಿಷೇಧಿಸುವ ಕಾನೂನೇ ಬಂತು. ಇನ್ನು, ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲು ಮೊದಲು ಮಾಡಿದ್ದು ಗ್ಲಾಕ್ ಅನ್ನುವುದೂ ತಪ್ಪು. ಆಸ್ಟ್ರಿಯಾ ಸೇನೆ ಗ್ಲಾಕ್ 17 ಒಪ್ಪಿಕೊಂಡದ್ದು 1982ರಲ್ಲಿ. ಜರ್ಮನಿಯ ಹೆಕ್ಲರ್ ಆಂಡ್ ಕಾಕ್ ಕಂಪನಿಯ ವಿಪಿ70 ಬಂದದ್ದು 1970ರಲ್ಲೇ.

ನಿಮ್ಮ ಏರ್ ಪಿಸ್ತೂಲಿನ ವಿಷಯಕ್ಕೆ ಬಂದರೆ, ಪ್ಲಾಸ್ಟಿಕ್ ಭಾಗದ ಒಳಮೈಯಲ್ಲಿ ಗುರುತು ಒತ್ತಿದ್ದಾರಾ ನೋಡಿ. 'ಪಿಎ66-ಜಿಎಫ್30' ಎಂದಿದ್ದರೆ ನೈಲಾನ್ 66, 30 ಪರ್ಸೆಂಟ್ ಗಾಜು. 'ಎಬಿಎಸ್' ಎಂದಿದ್ದರೆ ಅದು ಬೇರೆ ಜಾತಿಯ ಪ್ಲಾಸ್ಟಿಕ್, ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ, ಮೇಲ್ಮೈ ಕರಗಿ ಅಂಟಂಟಾಗುತ್ತದೆ. ಗುರುತೇ ಇಲ್ಲದಿದ್ದರೆ ಸೋಪು ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಸಾಕು.