ವರ್ಡ್‌ನಲ್ಲಿ ಚಿತ್ರದ ಟೂಲ್‌ಗಳು ಮಸುಕಾಗಿದ್ದರೆ: ಆಫೀಸ್ ತೆಗೆದು ಹಾಕುವ ಮೊದಲು ಇದನ್ನು ನೋಡಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಗಿಡಗಳ ಹಳೆಯ ಕೈಪಿಡಿ ಫೈಲ್‌ಗೆ ಹೊಸ ಫೋಟೋ ಸೇರಿಸುತ್ತಿದ್ದೀರಿ. ಫೋಟೋ ಮೇಲೆ ಕ್ಲಿಕ್ ಮಾಡಿದರೆ ಪಿಕ್ಚರ್ ಫಾರ್ಮ್ಯಾಟ್ ಟ್ಯಾಬ್ ಬರುತ್ತದೆ, ಕ್ರಾಪ್ (ಅಂಚು ಕತ್ತರಿಸುವುದು) ಕೂಡ ಆಗುತ್ತದೆ. ಆದರೆ ರಿಮೂವ್ ಬ್ಯಾಕ್‌ಗ್ರೌಂಡ್ (ಹಿನ್ನೆಲೆ ತೆಗೆಯುವುದು), ಆರ್ಟಿಸ್ಟಿಕ್ ಎಫೆಕ್ಟ್ಸ್ (ಫೋಟೋಗೆ ಚಿತ್ರಕಲೆಯ ರೂಪ ಕೊಡುವುದು) ಎರಡೂ ಬೂದು ಬಣ್ಣಕ್ಕೆ ತಿರುಗಿವೆ, ಒತ್ತಿದರೂ ಏನೂ ಆಗುವುದಿಲ್ಲ. ಎಲೆಗಳ ಗೆರೆಚಿತ್ರಕ್ಕೂ ಅದೇ ಕಥೆ. ಫೋಟೋ ಮತ್ತು ಹೆಸರಿನ ಬಾಕ್ಸ್ ಸೇರಿಸಿ ಗ್ರೂಪ್ ಮಾಡಲೂ ಬರುತ್ತಿಲ್ಲ. ಮೇಲಿನ ಉತ್ತರಗಳಲ್ಲಿ ಕೆಲವರು ಆಫೀಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಎಂದಿದ್ದಾರೆ. ಸದ್ಯಕ್ಕೆ ಅದಕ್ಕೆ ಕೈ ಹಾಕಬೇಡಿ. ವರ್ಡ್ ಕೆಟ್ಟಿದ್ದರೆ ಕ್ರಾಪ್ ಕೂಡ ಸರಿಯಾಗಿ ನಡೆಯುತ್ತಿರಲಿಲ್ಲ ಅಲ್ವಾ?

ಬಟನ್ ಮಸುಕಾಗಿದ್ದರೆ, ಈ ಫೈಲ್‌ನಲ್ಲಿ, ಈ ಚಿತ್ರಕ್ಕೆ ಇದು ನಡೆಯುವುದಿಲ್ಲ ಎಂದು ವರ್ಡ್ ಹೇಳುತ್ತಿದೆ ಅಷ್ಟೇ. ಯಾಕೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಹಾಗಾಗಿ ತಪ್ಪು ಫೈಲ್‌ನದೋ ಚಿತ್ರದ್ದೋ ಅಥವಾ ವರ್ಡ್‌ನದೇನೋ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಹೊಸ ಖಾಲಿ ಡಾಕ್ಯುಮೆಂಟ್ ತೆರೆಯಿರಿ. ಮೊಬೈಲ್‌ನಲ್ಲಿ ತೆಗೆದ ಮಾಮೂಲಿ ಜೆಪೆಗ್ ಫೋಟೋ ಒಂದನ್ನು ಇನ್ಸರ್ಟ್ ಮೆನುವಿನಿಂದ ಹಾಕಿ, ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ ನೋಡಿ. ಅಲ್ಲಿ ಎಲ್ಲ ಬಟನ್ ಜೀವಂತವಾಗಿದ್ದರೆ ವರ್ಡ್ ಚೆನ್ನಾಗಿಯೇ ಇದೆ, ಹುಡುಕಬೇಕಾದ್ದು ನಿಮ್ಮ ಕೈಪಿಡಿ ಫೈಲ್ ಒಳಗೆ. ಅಲ್ಲಿಯೂ ಮಸುಕಾಗಿದ್ದರೆ ಈ ಉತ್ತರದ ಕೊನೆಯ ಭಾಗಕ್ಕೆ ಹೋಗಿ.

ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಅನುಮಾನ ಇರುವುದು ಫೈಲ್ ಮೇಲೆ. ವರ್ಡ್ ಕಿಟಕಿಯ ಮೇಲ್ತುದಿಯಲ್ಲಿ ಫೈಲ್ ಹೆಸರು ಇರುತ್ತದಲ್ಲ, ಅದರ ಪಕ್ಕದಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಎಂದು ಬರೆದಿದೆಯಾ ನೋಡಿ. ಬರೆದಿದ್ದರೆ, ವರ್ಡ್ ಆ ಫೈಲನ್ನು ಹಳೆಯ ವರ್ಡ್‌ಗೆ ಹೊಂದುವ ಹಾಗೆ ತೆರೆದಿದೆ ಎಂದರ್ಥ. ಹಳೆಯ ಕೈಪಿಡಿ ಅಂದಿರಿ, ಅಂದರೆ ಅದು ಹಳೆಯ 'ಡಾಕ್' ಫೈಲ್ ಆಗಿರುವ ಸಾಧ್ಯತೆ ಜಾಸ್ತಿ. ಅದು ವರ್ಡ್ 97ರಿಂದ 2003ರವರೆಗಿನ ಫಾರ್ಮ್ಯಾಟ್. ಕೊನೆಯಲ್ಲಿ ಎಕ್ಸ್ ಅಕ್ಷರ ಇರುವ 'ಡಾಕ್ಸ್' ಬಂದದ್ದು ಆಫೀಸ್ 2007ರಲ್ಲಿ. ರಿಮೂವ್ ಬ್ಯಾಕ್‌ಗ್ರೌಂಡ್ ಮತ್ತು ಆರ್ಟಿಸ್ಟಿಕ್ ಎಫೆಕ್ಟ್ಸ್ ಬಂದದ್ದು ಇನ್ನೂ ತಡವಾಗಿ, ಆಫೀಸ್ 2010ರಲ್ಲಿ. ಹಳೆಯ ಡಾಕ್ ಫೈಲ್‌ಗೆ ಇವನ್ನು ಬರೆದಿಟ್ಟುಕೊಳ್ಳುವ ಜಾಗವೇ ಇಲ್ಲ. ಆದ್ದರಿಂದ ನಿಮ್ಮ ವರ್ಡ್ ಎಷ್ಟೇ ಹೊಸದಾಗಿದ್ದರೂ, ಆ ಫೈಲ್ ತೆರೆದಾಗ ಹೊಸ ಬಟನ್‌ಗಳನ್ನು ಮುಚ್ಚಿಡುತ್ತದೆ. ಕ್ರಾಪ್ ಹಳೆಯ ಕಾಲದಿಂದಲೂ ಇದೆ, ಅದಕ್ಕೇ ಅದು ನಡೆಯುತ್ತಿದೆ.

ಇದಕ್ಕೆ ಫೈಲ್ ಮೆನುವಿನ ಇನ್ಫೋ ಪುಟದಲ್ಲಿ 'ಕನ್ವರ್ಟ್' ಎಂಬ ಬಟನ್ ಇದೆ. ಆದರೆ ನಾನು ಅದಕ್ಕಿಂತ ಸೇವ್ ಆ್ಯಸ್ ದಾರಿಯನ್ನೇ ಹೇಳುತ್ತೇನೆ. ಕನ್ವರ್ಟ್ ಒತ್ತಿ ಸೇವ್ ಮಾಡಿದರೆ ಹೊಸ ಫೈಲ್ ಹಳೆಯದರ ಜಾಗಕ್ಕೆ ಬಂದು ಕೂರುತ್ತದೆ. ಸೇವ್ ಆ್ಯಸ್‌ನಲ್ಲಿ ಹಳೆಯದು ಹಾಗೇ ಉಳಿಯುತ್ತದೆ. ಫೈಲ್ ಟೈಪ್‌ನಲ್ಲಿ 'ವರ್ಡ್ ಡಾಕ್ಯುಮೆಂಟ್' ಆರಿಸಿ, '97-2003' ಎಂದು ಇರುವುದನ್ನಲ್ಲ. ಅದೇ ಡಬ್ಬಿಯಲ್ಲಿ ಕೆಳಗೆ 'ಮೇಂಟೇನ್ ಕಂಪ್ಯಾಟಿಬಿಲಿಟಿ' ಎಂದು ಶುರುವಾಗುವ ಒಂದು ಟಿಕ್ ಇರುತ್ತದೆ. ಎಡವುವುದು ಇಲ್ಲೇ. ಆ ಟಿಕ್ ಇದ್ದರೆ ಫೈಲ್ ಹೆಸರು ಡಾಕ್ಸ್ ಆಗುತ್ತದೆ, ಮೋಡ್ ಮಾತ್ರ ಹಳೆಯದೇ. ಆಮೇಲೆ "ಬದಲಾಯಿಸಿದೆ, ಆದ್ರೂ ಆಗ್ಲಿಲ್ಲ" ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಟಿಕ್ ತೆಗೆದು ಸೇವ್ ಮಾಡಿ, ಫೈಲ್ ಮುಚ್ಚಿ, ಮತ್ತೆ ತೆರೆಯಿರಿ. ಮೇಲಿನ 'ಕಂಪ್ಯಾಟಿಬಿಲಿಟಿ ಮೋಡ್' ಹೋಗಿರಬೇಕು.

ಪುಟಗಳು ಸ್ವಲ್ಪ ಅತ್ತಿತ್ತ ಜರುಗಬಹುದು. ವರ್ಡ್ ಕೂಡ ಮೊದಲೇ ಎಚ್ಚರಿಸುತ್ತದೆ. ಫೋಟೋ ಜಾಸ್ತಿ ಇರುವ ಪುಟಗಳನ್ನು ಒಮ್ಮೆ ಕಣ್ಣಾಡಿಸಿಬಿಡಿ.

ಹೀಗೆ ಬದಲಾಯಿಸಿದ ಮೇಲೆ ಹೊಸದಾಗಿ ಹಾಕುವ ಫೋಟೋಗಳಿಗೆ ಎಲ್ಲ ಟೂಲ್ ಸಿಗುತ್ತದೆ. ಮೊದಲೇ ಇದ್ದ ಫೋಟೋ ಯಾವುದಾದರೂ ಇನ್ನೂ ಹಠ ಮಾಡಿದರೆ ಅದನ್ನು ಅಳಿಸಿ, ಮೂಲ ಫೋಟೋವನ್ನೇ ಇನ್ಸರ್ಟ್‌ನಿಂದ ಮತ್ತೆ ಹಾಕಿ. ಮೂಲ ಫೋಟೋ ಕಳೆದುಹೋಗಿದೆಯಾ? ಅದಕ್ಕೂ ಉಪಾಯ ಇದೆ. ಹೊಸ ಡಾಕ್ಸ್ ಫೈಲ್‌ನ ಒಂದು ಕಾಪಿ ಮಾಡಿಕೊಳ್ಳಿ. ಕಾಪಿಯ ಹೆಸರಿನ ಕೊನೆಯಲ್ಲಿರುವ ಡಾಕ್ಸ್ ತೆಗೆದು ಜಿಪ್ ಎಂದು ಬರೆಯಿರಿ. ಹೆಸರಿನ ಬಾಲ ಕಾಣದಿದ್ದರೆ ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಆ ಜಿಪ್ ಬಿಚ್ಚಿದರೆ ಒಳಗೆ 'ವರ್ಡ್' ಎಂಬ ಫೋಲ್ಡರ್, ಅದರೊಳಗೆ 'ಮೀಡಿಯಾ'. ನಿಮ್ಮ ಚಿತ್ರಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ಡಾಕ್ಸ್ ಎನ್ನುವುದು ಒಳಗೆ ಜಿಪ್ ಫೈಲೇ, ಸುಮ್ನೆ ಬೇರೆ ಹೆಸರು ಹೊತ್ತಿದೆ. ಹಳೆಯ ಡಾಕ್ ಫೈಲ್‌ಗೆ ಮಾತ್ರ ಈ ಆಟ ನಡೆಯುವುದಿಲ್ಲ.

ಇನ್ನು ಎಲೆಗಳ ಗೆರೆಚಿತ್ರ. ಅವು ಬಹುಶಃ ಎಸ್‌ವಿಜಿ, ಇಎಮ್‌ಎಫ್ ಅಥವಾ ಡಬ್ಲ್ಯುಎಮ್‌ಎಫ್ ಇರಬೇಕು, ಅಂದರೆ ವೆಕ್ಟರ್ ಚಿತ್ರಗಳು. ಫೋಟೋ ಚುಕ್ಕೆಗಳಿಂದ ಆದದ್ದು. ವೆಕ್ಟರ್‌ನಲ್ಲಿ ಚುಕ್ಕೆ ಇಲ್ಲ, ಗೆರೆ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕ ಮಾತ್ರ ಇರುತ್ತದೆ. ರಿಮೂವ್ ಬ್ಯಾಕ್‌ಗ್ರೌಂಡ್ ಚುಕ್ಕೆಗಳನ್ನು ನೋಡಿ ಯಾವುದು ವಸ್ತು, ಯಾವುದು ಹಿನ್ನೆಲೆ ಎಂದು ಊಹಿಸುವ ಟೂಲ್. ಹಾಗಾಗಿ ಫೈಲ್ ಡಾಕ್ಸ್ ಆದರೂ ಈ ಚಿತ್ರಗಳಿಗೆ ಆ ಬಟನ್ ಹೊತ್ತಿಕೊಳ್ಳುವುದಿಲ್ಲ. ಎಸ್‌ವಿಜಿ ಆದರೆ ಮೇಲೆ ಬರುವ ಟ್ಯಾಬ್ ಹೆಸರೇ 'ಗ್ರಾಫಿಕ್ಸ್ ಫಾರ್ಮ್ಯಾಟ್' ಎಂದಿರುತ್ತದೆ, ಗುರುತಿಗೆ ಅದು ಸಾಕು.

ನಿಜಕ್ಕೂ ಅಂಥ ಚಿತ್ರದ ಹಿನ್ನೆಲೆ ತೆಗೆಯಬೇಕಾದರೆ ಅದನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಎಕ್ಸ್ ಒತ್ತಿ. ಆಮೇಲೆ ಕಂಟ್ರೋಲ್, ಆಲ್ಟ್, ವಿ ಮೂರೂ ಒಟ್ಟಿಗೆ. ಪೇಸ್ಟ್ ಸ್ಪೆಷಲ್ ಡಬ್ಬಿ ಬರುತ್ತದೆ, ಅದರಲ್ಲಿ ಪಿಎನ್‌ಜಿ ಆರಿಸಿ. ಈಗ ಅದು ಚುಕ್ಕೆಗಳ ಚಿತ್ರ, ಬಟನ್ ಕೆಲಸ ಮಾಡುತ್ತದೆ. ಒಂದು ಮಾತು: ಕತ್ತರಿಸುವ ಮೊದಲೇ ಚಿತ್ರವನ್ನು ಪುಟದಲ್ಲಿ ಬೇಕಾದ ಅಳತೆಗೆ ಹಿಗ್ಗಿಸಿಕೊಳ್ಳಿ. ಪಿಎನ್‌ಜಿ ಆದ ಮೇಲೆ ಎಳೆದರೆ ಗೆರೆಗಳು ಮಬ್ಬಾಗುತ್ತವೆ. ಆದರೆ ಮೊದಲು ಅದಕ್ಕೆ ಹಿನ್ನೆಲೆ ಇದೆಯಾ ಎಂದು ನೋಡಿ. ಎಷ್ಟೋ ವೆಕ್ಟರ್ ಚಿತ್ರಗಳಿಗೆ ಹಿನ್ನೆಲೆಯೇ ಇರುವುದಿಲ್ಲ, ಬಿಳಿ ಕಾಣುವುದು ಪುಟದ ಬಿಳಿ. ಬಣ್ಣದ ಬಾಕ್ಸ್ ಮೇಲೆ ಇಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹಾಗೇ, ಎರಡು ಮೂರು ಫೋಟೋ ಒಟ್ಟಿಗೆ ಸೆಲೆಕ್ಟ್ ಮಾಡಿದಾಗಲೂ ರಿಮೂವ್ ಬ್ಯಾಕ್‌ಗ್ರೌಂಡ್ ಸಿಗುವುದಿಲ್ಲ. ಅದು ಒಂದು ಸಲಕ್ಕೆ ಒಂದೇ ಚಿತ್ರದ ಕೆಲಸ.

ಗ್ರೂಪ್ ಮಾಡಲು ಬರದಿರುವುದು ಬೇರೆಯೇ ವಿಷಯ. ಫೋಟೋ ಹಾಕಿದಾಗ ವರ್ಡ್ ಅದನ್ನು ಮಾಮೂಲಿಯಾಗಿ 'ಇನ್ ಲೈನ್ ವಿತ್ ಟೆಕ್ಸ್ಟ್' ಎಂದು ಇಡುತ್ತದೆ. ಅಂದರೆ ಫೋಟೋ ಸಾಲಿನಲ್ಲಿ ಒಂದು ದೊಡ್ಡ ಅಕ್ಷರದ ಹಾಗೆ ಕೂತಿರುತ್ತದೆ. ಅಕ್ಷರವನ್ನು ಬಾಕ್ಸ್ ಜೊತೆ ಗ್ರೂಪ್ ಮಾಡಲು ಬರುತ್ತದಾ? ಬ್ರಿಂಗ್ ಫಾರ್ವರ್ಡ್, ಸೆಂಡ್ ಬ್ಯಾಕ್‌ವರ್ಡ್ ಕೂಡ ಇದೇ ಕಾರಣಕ್ಕೆ ಮಸುಕಾಗಿರುತ್ತವೆ. ಫೋಟೋ ಮೇಲೆ ಕ್ಲಿಕ್ ಮಾಡಿ, ರ‍್ಯಾಪ್ ಟೆಕ್ಸ್ಟ್‌ನಲ್ಲಿ 'ಸ್ಕ್ವೇರ್' ಅಥವಾ 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಆರಿಸಿ. ಹೆಸರಿನ ಬಾಕ್ಸ್‌ಗೂ ಹಾಗೇ ಮಾಡಿ. ಆಮೇಲೆ ಕಂಟ್ರೋಲ್ ಹಿಡಿದು ಎರಡನ್ನೂ ಕ್ಲಿಕ್ ಮಾಡಿದರೆ ಗ್ರೂಪ್ ಎದ್ದು ಕೂರುತ್ತದೆ. ಹೆಸರುಗಳನ್ನು ಟೇಬಲ್‌ನಲ್ಲಿ ಹಾಕಿದ್ದರೆ ಮಾತ್ರ ಆಗುವುದಿಲ್ಲ, ವರ್ಡ್‌ನಲ್ಲಿ ಟೇಬಲ್ ಅನ್ನು ಗ್ರೂಪ್‌ಗೆ ಸೇರಿಸಲು ಬರುವುದಿಲ್ಲ.

ಕ್ಲಿಕ್ಕಿಗೇ ಸಿಗದ ಚಿತ್ರ ಇದ್ದರೆ ಅದು ಹೆಡರ್ ಒಳಗೆ ಇರಬಹುದು. ಪುಟದ ಹಿಂದೆ ತಿಳಿಯಾಗಿ ಕಾಣುವ ವಾಟರ್‌ಮಾರ್ಕ್ ಇರುವುದೂ ಅಲ್ಲೇ. ಪುಟದ ಮೇಲ್ತುದಿಯಲ್ಲಿ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ, ಆಗ ಸಿಗುತ್ತದೆ.

ಈಗ ಇನ್ನೊಂದು ಕಡೆ. ಚಿತ್ರದ ಬಟನ್ ಮಾತ್ರವಲ್ಲ, ಬೋಲ್ಡ್, ಫಾಂಟ್ ಸೈಜ್ ಎಲ್ಲವೂ ಮಸುಕಾಗಿದ್ದರೆ ಚಿತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೇಲ್‌ನಲ್ಲಿ ಬಂದ ಫೈಲ್ ಆದರೆ ಹಳದಿ ಪಟ್ಟಿ ಇರುತ್ತದೆ. ಕಳಿಸಿದವರು ಗೊತ್ತಿರುವವರಾದರೆ ಮಾತ್ರ 'ಎನೇಬಲ್ ಎಡಿಟಿಂಗ್' ಒತ್ತಿ. ರಿವ್ಯೂ ಟ್ಯಾಬ್‌ನ ರಿಸ್ಟ್ರಿಕ್ಟ್ ಎಡಿಟಿಂಗ್‌ನಲ್ಲಿ ಯಾರಾದರೂ ಬೀಗ ಹಾಕಿದ್ದರೆ 'ಸ್ಟಾಪ್ ಪ್ರೊಟೆಕ್ಷನ್' ಒತ್ತಬೇಕು, ಪಾಸ್‌ವರ್ಡ್ ಹಾಕಿದ್ದರೆ ಅವರನ್ನೇ ಕೇಳಬೇಕು. ಮತ್ತೊಂದು, ಲೈಸೆನ್ಸ್ ಮುಗಿದಿರುವುದು. ಫೈಲ್ ಮೆನುವಿನ ಅಕೌಂಟ್ ಪುಟದಲ್ಲಿ ಅದು ಕಾಣುತ್ತದೆ. ಆಕ್ಟಿವೇಟ್ ಆಗದ ಆಫೀಸ್ ಫೈಲ್ ತೋರಿಸುತ್ತದೆ, ಪ್ರಿಂಟ್ ಕೊಡುತ್ತದೆ, ತಿದ್ದಲು ಬಿಡುವುದಿಲ್ಲ.

ಖಾಲಿ ಡಾಕ್ಯುಮೆಂಟ್‌ನಲ್ಲೂ ಮಸುಕಾಗಿದ್ದು, ಲೈಸೆನ್ಸ್ ಸರಿಯಾಗಿದ್ದರೆ ಯಾವುದೋ ಆ್ಯಡ್-ಇನ್ (ವರ್ಡ್‌ಗೆ ಹೊರಗಿನಿಂದ ಸೇರಿಸಿದ ಸಣ್ಣ ಪ್ರೋಗ್ರಾಮ್) ಮೇಲೆ ಅನುಮಾನ ಪಡಬಹುದು. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ವರ್ಡ್ ಐಕಾನ್ ತೆರೆಯಿರಿ. ಸೇಫ್ ಮೋಡ್‌ನಲ್ಲಿ, ಅಂದರೆ ಆ್ಯಡ್-ಇನ್‌ಗಳಿಲ್ಲದೆ, ತೆರೆಯಲಾ ಎಂದು ಕೇಳುತ್ತದೆ, ಹೂಂ ಅನ್ನಿ. ಅಲ್ಲಿ ಬಟನ್ ಸರಿಯಾದರೆ ಆ್ಯಡ್-ಇನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಬೇಕು. ಅದೂ ಅಲ್ಲವಾದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ ಪಟ್ಟಿಯಲ್ಲಿ ಆಫೀಸ್ ಆರಿಸಿ, 'ಚೇಂಜ್' ಒತ್ತಿ 'ಕ್ವಿಕ್ ರಿಪೇರ್' ಕೊಡಿ. ಮತ್ತೆ ಇನ್‌ಸ್ಟಾಲ್ ಮಾಡುವ ಮಾತು ಇಷ್ಟೆಲ್ಲ ಆದ ಮೇಲೆ.

ಬ್ರೌಸರ್‌ನಲ್ಲಿ ತೆರೆಯುವ ವರ್ಡ್ ಬಳಸುತ್ತಿರುವವರಿಗೆ: ಅಲ್ಲಿ ಚಿತ್ರದ ಟೂಲ್‌ಗಳೇ ಕಡಿಮೆ. ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿದ ವರ್ಡ್‌ನಲ್ಲೇ ಫೈಲ್ ತೆರೆಯಿರಿ. ಲಿಬ್ರೆ ಆಫೀಸ್ ಬಳಸುವವರು ರಿಮೂವ್ ಬ್ಯಾಕ್‌ಗ್ರೌಂಡ್ ಹುಡುಕಿ ಸುಸ್ತಾಗಬೇಡಿ, ಅದರ ರೈಟರ್‌ನಲ್ಲಿ ಅಂಥ ಬಟನ್ ಇಲ್ಲ. ಹಿನ್ನೆಲೆಯನ್ನು ಹೊರಗೆ, ಜಿಂಪ್‌ನಂಥ ಯಾವುದಾದರೂ ಫೋಟೋ ಸಾಫ್ಟ್‌ವೇರ್‌ನಲ್ಲಿ ತೆಗೆದು ಪಿಎನ್‌ಜಿ ಮಾಡಿ ತಂದು ಹಾಕಿ.

ಮೇಡಂ, ಬಟನ್ ಸರಿಯಾದ ಮೇಲೆ ಇನ್ನೊಂದು ತೊಂದರೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಹಸಿರು ಎಲೆಯ ಹಿಂದೆ ಹಸಿರು ಹುಲ್ಲು ಇದ್ದರೆ ವರ್ಡ್‌ಗೆ ಎರಡೂ ಒಂದೇ, ಎಲೆಯ ಅರ್ಧವನ್ನೇ ನುಂಗಿಬಿಡುತ್ತದೆ. 'ಮಾರ್ಕ್ ಏರಿಯಾಸ್ ಟು ಕೀಪ್' ಪೆನ್ಸಿಲ್‌ನಿಂದ ಎಲೆಯ ಒಳಗೆ ಗೆರೆ ಎಳೆದರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಮುಂದಿನ ಫೋಟೋ ತೆಗೆಯುವಾಗ ಎಲೆಯ ಹಿಂದೆ ಒಂದು ಬಿಳಿ ಹಾಳೆ ಹಿಡಿದುಬಿಡಿ.

ಮೊದಲು ಆ ಮೇಲಿನ ಪಟ್ಟಿಯಲ್ಲಿ ಏನು ಬರೆದಿದೆ ಎಂದು ನೋಡಿ ಇಲ್ಲೇ ತಿಳಿಸಿ. 'ಕಂಪ್ಯಾಟಿಬಿಲಿಟಿ ಮೋಡ್' ಇಲ್ಲದಿದ್ದರೆ ವರ್ಡ್ ಯಾವ ವರ್ಷದ್ದು ಎಂಬುದನ್ನೂ ಹಾಕಿ, ಮುಂದಿನದು ನೋಡೋಣ.